ಸೊಂಟಕ್ಕೆ ಕೈಯಿಟ್ಟು ನಿಂತ ದೇವರು

“ಯಾರಿಗೋಸ್ಕರ ಇದು?”

ಅತ್ತೆ ಕೇಳಿದ್ದು ನನ್ನನ್ನಲ್ಲ, ದೇವರನ್ನೂ ಅಲ್ಲ. ಬತ್ತಿ ಹೊಸೆಯುತ್ತಿದ್ದ ಕೈ ತೊಡೆಯ ಮೇಲೆ ಹಾಗೇ ನಿಂತುಹೋಗಿತ್ತು, ನೋಟ ದೇವರ ಗೂಡಿನ ಪಕ್ಕದ ಬರಿಗೋಡೆಯ ಮೇಲೆಲ್ಲೋ ಇತ್ತು. ನಿನ್ನೆಯ ಹೂ ತೆಗೆಯಲು ಹೋದ ನಾನೂ ನಿಂತುಬಿಟ್ಟೆ. ಸಂಜೆ ದೀಪ ಹಚ್ಚುವಾಗ ಜೋಲುಗೈಯಲ್ಲಿದ್ದ ನಮ್ಮ ಎಳೆದೇವರು, ಬೆಳಗಾಗುವಷ್ಟರಲ್ಲಿ ಎರಡೂ ಕೈ ಮಡಿಸಿ ಸೊಂಟದ ಮೇಲೆ ಇಟ್ಟುಕೊಂಡಿದ್ದ.

ನಾನು ಈ ಊರಿನವಳಲ್ಲ, ಸೇತುವೆಯ ಆಚೆಯಿಂದ ಮದುವೆಯಾಗಿ ಬಂದವಳು. ಇಲ್ಲಿ ಹಸೆಯಿಂದ ಎದ್ದ ಮದುಮಕ್ಕಳು ನೆಟ್ಟಗೆ ಕಂಚುಗಾರ ಮೌನಾಚಾರಿಯ ಮನೆಗೆ ಹೋಗುತ್ತಾರೆ. ಆಚಾರಿ ಅವರಿಗಾಗಿ ಎರೆದ ಗೇಣುದ್ದದ ಮೂರ್ತಿಯನ್ನು ಹೆಣ್ಣಿನ ಮಡಿಲಿಗೆ ಹಾಕುತ್ತಾನೆ. ಅದಕ್ಕೆ ಮುಖ ಮೂಡಿಯೂ ಮೂಡಿರುವುದಿಲ್ಲ. ಕೈಗಳು ಎರಡೂ ಪಕ್ಕಕ್ಕೆ ಜೋತುಬಿದ್ದಿರುತ್ತವೆ, ಏನು ಮಾಡಬೇಕೆಂದು ಇನ್ನೂ ಯಾರೂ ಹೇಳಿಕೊಡದ ಮಗುವಿನ ಕೈಗಳ ಹಾಗೆ. ಅದೇ ಎಳೆದೇವರು. ವರ್ಷ ತುಂಬುವುದರೊಳಗೆ ಅವನು ತನ್ನ ಕೈಗಳಿಗೊಂದು ಕೆಲಸ ಹುಡುಕಿಕೊಳ್ಳುತ್ತಾನೆ. ಆಮೇಲೆ ಆ ಮನೆ ಆ ಕೈಯಂತೆ ನಡೆಯುತ್ತದೆ.

ಪಕ್ಕದ ಮನೆಯ ಸುಂದ್ರಕ್ಕನ ದೇವರಿಗೆ ಸೊಂಡಿಲು ಮೂಡಿತ್ತು, ಅದೂ ಬಲಕ್ಕೆ ತಿರುಗಿತ್ತು. ಬಲಮುರಿ ಅಂದರೆ ಮಡಿಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುವಂತಿಲ್ಲ. ಪಾಪ, ಒದ್ದೆ ಸೀರೆಯಲ್ಲಿಯೇ ಆಕೆ ಮುದುಕಿಯಾದಳು. ಎದುರು ಮನೆಯ ದೇವರು ಬಲಗೈಯೆತ್ತಿ ಅಭಯ ತೋರಿಸುತ್ತಿದ್ದರಿಂದ ಹಾವು ಹೊಕ್ಕರೆ, ಹುಚ್ಚುನಾಯಿ ಬಂದರೆ ಊರವರೆಲ್ಲ ಅವರನ್ನೇ ಕರೆಯುತ್ತಿದ್ದರು. ಆ ಮನೆಯ ಯಜಮಾನನಿಗೆ ಹಲ್ಲಿ ಕಂಡರೂ ಮೈ ನಡುಗುತ್ತಿತ್ತು, ಆದರೂ ಕೋಲು ಹಿಡಿದು ಹೋಗುತ್ತಿದ್ದ. ಕೊಳಲಿಗೆಂದು ಬೆರಳು ಮಡಿಸಿದ ದೇವರ ಮನೆಯ ಗಂಡಸರಿಗೆ ಹೊತ್ತಿಗೆ ಸರಿಯಾಗಿ ಬನ್ನಿ ಅಂತ ಯಾರೂ ಹೇಳುತ್ತಿರಲಿಲ್ಲ. ಧ್ಯಾನಕ್ಕೆ ಕೂತ ದೇವರ ಮನೆಯಲ್ಲಿ ಜಗಳವೇ ಇರಲಿಲ್ಲ, ಹಾಗಾಗಿ ಅಲ್ಲಿಗೆ ಹರಟೆಗೆ ಯಾರೂ ಹೋಗುತ್ತಿರಲಿಲ್ಲ. ಹೆಣ್ಣು ಕೇಳಲು ಬಂದವರು ಜಾತಕಕ್ಕಿಂತ ಮೊದಲು ವಿಚಾರಿಸುವುದು, “ನಿಮ್ಮನೇಲಿ ಕೈ ಹೇಗಿದೆ?” ಅಂತ.

ಸೊಂಟದ ಮೇಲೆ ಕೈಯನ್ನು ಮಾತ್ರ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ಗುರುತಿಸಿದವರು ಅತ್ತೆ, ಕೃಷ್ಣವೇಣಮ್ಮನವರು. “ಕಾಯೋ ದೇವ್ರು ಕಣೇ ಇದು. ಅಪ್ಪ ಅಮ್ಮನ ಕಾಲೊತ್ತುತಾ ಇದ್ದ ಮಗ, ಬಾಗಿಲಿಗೆ ಬಂದ ಇವನಿಗೆ ‘ಸ್ವಲ್ಪ ತಡಿ’ ಅಂತ ಒಂದು ಇಟ್ಟಿಗೆ ಎಸೆದನಂತೆ. ಅದರ ಮೇಲೆ ನಿಂತೋನು ಇವತ್ತಿಗೂ ನಿಂತಿದಾನೆ. ಕಾಲು ನೋವೂಂತ ಕೂತಿಲ್ಲ.” ಹಾಗಂದು ಬಚ್ಚಲ ಒಲೆಯ ಹಿಂದಿನಿಂದ ಒಂದು ಇಟ್ಟಿಗೆ ತೆಗೆದು, ತಿಕ್ಕಿ ತೊಳೆದು, ಅರಿಸಿನ ಹಚ್ಚಿ ಅವನ ಕಾಲಡಿಗೆ ಇಟ್ಟರು. ದೇವರು ಅಷ್ಟಕ್ಕೇ ಸಮಾಧಾನಗೊಂಡವನಂತೆ ಬಾಗಿಲ ಕಡೆ ನೋಡುತ್ತ ನಿಂತ.

“ಕಾಯ್ತಿದಾನೆ ಅಂದ್ಮೇಲೆ ಬರೋರಿದ್ದಾರೆ,” ಅಂತ ಅತ್ತೆ ತೀರ್ಮಾನಿಸಿದರು. ಅವತ್ತಿನಿಂದ ನಮ್ಮ ಮನೆಯ ಮುಂದೆ ನಿಂತವರೆಲ್ಲ ಬರಬೇಕಾದವರೇ ಇರಬಹುದಿತ್ತು. ಬಳೆಗಾರನಿಗೆ ಹೋಳಿಗೆ. ಕಲಾಯಿ ಹಾಕುವವನಿಗೆ ಹೊಸ ಪಂಚೆ. ಕಳೆದುಹೋದ ಎಮ್ಮೆಯನ್ನು ಹುಡುಕುತ್ತ ಬಂದ ಒಬ್ಬಾತ ದಾರಿ ಕೇಳಲು ಬಾಗಿಲಲ್ಲಿ ನಿಂತ. ಅವನ ಕಾಲಿಗೆ ನೀರು ಕೊಟ್ಟು, ಪಾನಕ ಕುಡಿಸಿ, ಎಲೆ ಹಾಕಿ ಶ್ಯಾವಿಗೆ ಪಾಯಸ ಬಡಿಸಿದೆವು. ಅವನು ಎರಡು ತುತ್ತು ತಿಂದವನು ಗಾಬರಿಯಾಗಿ, “ಅಮ್ಮಾ, ನಮ್ಮೆಮ್ಮೆ ಸತ್ತೋಯ್ತಾ? ಸತ್ತಿದ್ರೆ ಹೇಳ್ಬಿಡಿ,” ಅಂದ. ಅತ್ತೆ ಅವನ ಮುಖವನ್ನೂ ದೇವರ ಕೈಗಳನ್ನೂ ಬದಲಿಸಿ ಬದಲಿಸಿ ನೋಡಿ, “ಇವನಲ್ಲ ಕಣೇ ಅಂಬುಜಾ,” ಅಂದರು, ಅವನೆದುರಿಗೇ. ಊರಿನಲ್ಲಿ ಕೆಲಸವಿಲ್ಲದವರು ನಮ್ಮ ಜಗಲಿಯ ಮುಂದೆ ಬೇಕೆಂದೇ ಕೆಮ್ಮಿ ಹೋಗುವುದು ರೂಢಿಯಾಯಿತು.

ಎಷ್ಟು ಜನ ಬಂದರೂ ದೇವರು ಕೈ ಇಳಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ ಸುಂದ್ರಕ್ಕ ಹಿತ್ತಿಲ ಗೋಡೆಯ ಮೇಲೆ ಒದ್ದೆ ಸೀರೆ ಹರವುತ್ತ ಅಂದಳು: “ಅಲ್ರೀ ಕೃಷ್ಣವೇಣಮ್ಮ, ಕಾಯಬೇಕಾದ್ರೆ ಮೊದ್ಲು ಯಾರಾದ್ರೂ ಹೋಗಬೇಕಲ್ರೀ? ನಿಮ್ಮನೇಲಿ ಹೋಗೋರು ಅಂದ್ರೆ ಇರೋದು ಒಬ್ಬರೇ.” ಅತ್ತೆಯ ಕೈಯಲ್ಲಿದ್ದ ಮೊರ ವಾಲಿ ಅಕ್ಕಿಯೆಲ್ಲ ಅಂಗಳಕ್ಕೆ ಚೆಲ್ಲಿತು.

ಆ ಒಬ್ಬರು ನನ್ನ ಗಂಡ, ತಿರುಮಲ. ಕಾವ್ಯ ಓದುವುದು ಅವರ ವೃತ್ತಿ. ದೀಪಾವಳಿ ಕಳೆದ ಮೇಲೆ ಸೇತುವೆ ದಾಟಿ ಊರೂರು ತಿರುಗಿ, ಸಂಜೆ ಹೊತ್ತು ದೇವಸ್ಥಾನದ ಪ್ರಾಕಾರದಲ್ಲಿ ರಾಗವಾಗಿ ಓದಿ, ಯುಗಾದಿಗೆ ಮನೆಗೆ ಮರಳುವವರು. ನನ್ನ ತವರೂರಿಗೂ ಹಾಗೇ ಬಂದಿದ್ದರು. ನನಗೆ ಅಕ್ಷರ ಬರುವ ಮೊದಲೇ ಪದ್ಯ ಬರುತ್ತಿತ್ತು. ನಮ್ಮಪ್ಪ ಹಾಲು ಕರೆಯುವಾಗಲೂ ಪದ್ಯ ಹೇಳುತ್ತಿದ್ದರು, ಕರುವಿಗೂ ನನಗೂ ಅದೇ ಜೋಗುಳ. ಆದರೂ ಕಂಬಕ್ಕೆ ಒರಗಿ ಕೂತು ತಿರುಮಲನ ದನಿ ಕೇಳಿದ ಸಂಜೆ ನಾನು ಅಲ್ಲಿಯವರೆಗೆ ಏನನ್ನೂ ಕೇಳಿಯೇ ಇರಲಿಲ್ಲ ಅನ್ನಿಸಿತು. ಆ ದನಿಯಲ್ಲಿ ದಾರಿಯ ಧೂಳಿತ್ತು. ಕಾಡಿಗೆ ಹೊರಟ ರಾಜಕುಮಾರ ತಾಯಿಯ ಕಾಲಿಗೆ ಬಗ್ಗುವ ಕಡೆ ಅವರು ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಸುಮ್ಮನೆ ಒಂದು ಉಸಿರಿನಷ್ಟು ತಡೆದರು. ಸಭೆಯಲ್ಲಿ ಕೂತ ಅಷ್ಟೂ ತಾಯಂದಿರು ಆ ಒಂದು ಉಸಿರಿನಲ್ಲಿ ತಮ್ಮ ತಮ್ಮ ಮಕ್ಕಳನ್ನು ಕಳಿಸಿಕೊಟ್ಟರು. ನಾನು ಮನೆಗೆ ಬಂದು ಅಪ್ಪನಿಗೆ, ಮದುವೆ ಅಂತ ಆದರೆ ಇವರನ್ನೇ ಆಗುತ್ತೇನೆ ಅಂದೆ.

ಮದುವೆಯಾದ ವರ್ಷ, ದೇವರ ಕೈ ಇನ್ನೂ ಜೋಲುತ್ತಿದ್ದಾಗ, ಅವರು ಒಮ್ಮೆ ಹೋಗಿ ಬಂದರು. ಆ ಬರುವಿಕೆಯನ್ನು ನಾನು ಮರೆಯಲಾರೆ. ಬೇವು ಬೆಲ್ಲ ತಿಂದ ಸಂಜೆ. ಅಂಗಳದ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದವರು ನೀರು ಸುರಿದು ಮುಗಿಯುವ ಮೊದಲೇ, “ಕೇಳಿಲ್ಲಿ, ಈ ಪದ್ಯಕ್ಕೆ ಹೊಸ ಧಾಟಿ ಸಿಕ್ತು,” ಅಂತ ಎತ್ತಿಕೊಂಡರು. ಗಂಟಲು ಕಟ್ಟಿತ್ತು, ಮೈಯಿಂದ ಹುಣಸೆ ಸೌದೆಯ ಹೊಗೆಯ ವಾಸನೆ ಬರುತ್ತಿತ್ತು, ಪಂಚೆಯ ಅಂಚು ಹರಿದಿತ್ತು. ಒಂದು ಕಾಲಿಗೆ ಮಾತ್ರ ನೀರು ಬಿದ್ದಿತ್ತು. ನಾನು ತಂಬಿಗೆ ಹಿಡಿದುಕೊಂಡೇ ಕೇಳಿದೆ.

ಸುಂದ್ರಕ್ಕನ ಮಾತು ಬಿದ್ದ ಮೇಲಿನ ದೀಪಾವಳಿಗೂ ಅವರು ಗಂಟು ಕಟ್ಟಿದರು. ಗೂಡಿನ ಮುಂದೆ ನಮಸ್ಕಾರಕ್ಕೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದು, ಗಂಟು ಬಿಚ್ಚಿ, ಪುಸ್ತಕವನ್ನು ಮತ್ತೆ ವ್ಯಾಸಪೀಠದ ಮೇಲಿಟ್ಟರು. “ಹೋದೋನು ಬರದೇ ಹೋದ್ರೆ ಅಂತ ತಾನೇ ಅವನು ಹೀಗೆ ನಿಂತಿರೋದು? ನಿನ್ನನ್ನ ಕಾಯೋ ಹಾಗೆ ಮಾಡಲ್ಲ ಅಂಬುಜಾ. ನಾನು ಸೇತುವೆ ದಾಟಲ್ಲ.” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಒಳಗೆ ಹೋಗಿ ಸುಮ್ಮಸುಮ್ಮನೆ ನಕ್ಕೆ. ಊರೆಲ್ಲ ಕೇಳುವ ದನಿ ಇನ್ನು ನನ್ನೊಬ್ಬಳಿಗೇ ಅಂದುಕೊಂಡೆ.

ಸಂಜೆ ಹೊತ್ತು ಅವರು ಪಡಸಾಲೆಯಲ್ಲಿ ಓದಲು ಕೂತರು. ನಾನು ಕಂಬಕ್ಕೆ ಒರಗಿದೆ. ಕಥೆ ರಾಜಕುಮಾರ ಕಾಡಿಗೆ ಹೊರಡುವ ಸಂಧಿಗೆ ಬಂತು. ಅವರು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ನಡುವೆ ಎಲ್ಲಿಂದಲೋ ಶುರು ಮಾಡಿದರು.

“ಹೊರಡೋ ಪದ್ಯ ಬಿಟ್ರಲ್ಲ?” ಅಂದೆ.

“ಅದು ಬೇಡ. ಆ ದೇವರ ಮುಂದೆ ಅಂಥ ಮಾತು ಯಾಕೆ?”

ಹೋಗುವುದನ್ನು ಬಿಟ್ಟು ಓದಿದರೆ ಕಾವ್ಯದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅವರ ಓದಿನಲ್ಲಿ ಯಾರೂ ಕಾಡಿಗೆ ಹೋಗಲಿಲ್ಲ. ಹಾಗಾಗಿ ಯಾರೂ ಪಾದುಕೆ ತಂದು ಸಿಂಹಾಸನದ ಮೇಲಿಡಲಿಲ್ಲ. ಸಮುದ್ರ ಹಾರಲಿಲ್ಲ, ಉಂಗುರ ಕೊಡಲಿಲ್ಲ. ಇನ್ನೊಂದು ಕಾವ್ಯದಲ್ಲಿ ಸಂಧಾನಕ್ಕೆಂದು ಯಾರೂ ರಥ ಹತ್ತಲಿಲ್ಲ. ಬೆಣ್ಣೆ ಕದ್ದ ಹುಡುಗ ಗೋಕುಲದಲ್ಲೇ ಉಳಿದುಬಿಟ್ಟ, ಗೋಪಿಯರು ಅಳುವ ಪ್ರಮೇಯವೇ ಬರಲಿಲ್ಲ. ಎಲ್ಲರೂ ಅವರವರ ಅರಮನೆಯಲ್ಲಿ ಕ್ಷೇಮವಾಗಿದ್ದರು. ಪಟ್ಟಣದ ವರ್ಣನೆ, ವಸಂತದ ವರ್ಣನೆ, ಊಟದ ವರ್ಣನೆ. ಅವನ್ನೇ ಮತ್ತೆ ಮತ್ತೆ ಓದಿದರು. ಅತ್ತೆ ತೂಕಡಿಸುತ್ತ, “ಇವತ್ತೂ ಬರೀ ಲಡ್ಡೂನೇ ಏನೋ?” ಅನ್ನುವರು. ಒಂದು ದಿನ ನನ್ನ ಗಂಡ ಪುಸ್ತಕಕ್ಕೆ ವಸ್ತ್ರ ಸುತ್ತಿ ಅಟ್ಟಕ್ಕೆ ಹಾಕಿದರು. ಮೇಲಿನ ಬೀದಿಯ ಗಾಣದಲ್ಲಿ ಎಣ್ಣೆ ಅಳೆದುಕೊಡುವ ಕೆಲಸಕ್ಕೆ ಸೇರಿದರು.

ಅಲ್ಲಿಂದ ನನ್ನ ಹಂಬಲ ಶುರುವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುವ ಹಂಬಲ. ಗಂಡ ದೂರದಲ್ಲಿದ್ದರೆ ಹಂಬಲಿಸುವುದು ಲೋಕಕ್ಕೆ ಅರ್ಥವಾಗುತ್ತದೆ. ನನ್ನವರು ಎದುರಿಗೇ ಕೂತು ಹುಳಿಗೆ ಉಪ್ಪು ಕೇಳುತ್ತಿದ್ದರು. ಒಳ್ಳೆಯವರು, ಒಂದು ದಿನ ಗದರಿದವರಲ್ಲ. ಆದರೆ ಮಾತಿನಲ್ಲಿ ಧೂಳಿರಲಿಲ್ಲ. ಸಂಜೆ ಗಾಣದಿಂದ ಬಂದು ಕಾಲು ತೊಳೆಯುವಾಗ ನಾನು ತಂಬಿಗೆ ಹಿಡಿದು ನಿಲ್ಲುತ್ತಿದ್ದೆ, ಈಗ ಏನಾದರೂ ಎತ್ತಿಕೊಳ್ಳುತ್ತಾರೆ, ಈಗ, ಅಂತ. ಅವರು ಎರಡೂ ಕಾಲನ್ನು ಅಚ್ಚುಕಟ್ಟಾಗಿ ತೊಳೆದು ಒಳಗೆ ಹೋಗುತ್ತಿದ್ದರು. ಯುಗಾದಿಯ ದಿನವಂತೂ ಮನೆಯೊಳಗೇ ಇದ್ದವರಿಗಾಗಿ ನಾನು ಬೀದಿ ನೋಡಿದೆ. ಸುಂದ್ರಕ್ಕ ಗೋಡೆಯ ಮೇಲಿಂದ, “ಏನೇ, ನಿಮ್ಮ ದೇವರ ಹಾಗೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೀಯಲ್ಲ! ಗಂಡ ಒಳಗೆ ಕೂತು ಚಿತ್ರಾನ್ನ ತಿಂತಿಲ್ವೇ?” ಅಂತ ನಕ್ಕಳು. ನಾನು ಕೈ ಇಳಿಸಿದೆ. ಅವನು ಯಾರಿಗಾಗಿ ನಿಂತಿದ್ದಾನೆಂದು ಆ ಹೊತ್ತಿಗೆ ನನಗೆ ಹೊಳೆದಿತ್ತು. ಹೋಗುವವರಿಗಾಗಿ ಅಲ್ಲ. ಮದುವೆಯಾದ ವರ್ಷದ ಯುಗಾದಿಯ ಸಂಜೆ ಒಂದು ಕಾಲು ಮಾತ್ರ ತೊಳೆದುಕೊಂಡು ಹಾಡಿದವರು ಇನ್ನೊಮ್ಮೆ ಮನೆಗೆ ಬರಲೇ ಇಲ್ಲ; ಅವರಿಗಾಗಿ.

ಒಂದು ಸಲ ಮೌನಾಚಾರಿಯನ್ನೇ ಹೋಗಿ ಕೇಳಿದೆ. ಆತ ಮೇಣದ ಅಚ್ಚಿಗೆ ಮಣ್ಣು ಮೆತ್ತುತ್ತಿದ್ದ, ತಲೆ ಎತ್ತಲಿಲ್ಲ. “ಕಾಯೋದು ಅಂತ ಒಂದು ಮಾತು ತಾಯಿ. ಇನ್ನೊಂದೂ ಐತೆ. ಸಂಸಾರದ ನೀರು ಇಷ್ಟೇ ಆಳ, ಸೊಂಟದ ಮಟ್ಟ, ಹೆದರಬ್ಯಾಡಿ ದಾಟಿ ಬನ್ನಿ ಅಂತ ತೋರಿಸೋ ಕೈ ಅಂತಾನೂ ನಮ್ಮ ಹಿರಿಯರು ಹೇಳೋರು. ನಾನು ಕೈ ಜೋಲು ಬಿಟ್ಟು ಎರೆಯೋನು. ಎತ್ತೋದು ಅವನ ಕೆಲಸ, ತಿಳ್ಕೊಳ್ಳೋದು ನಿಮ್ಮ ಕೆಲಸ.” ಮನೆಗೆ ಬಂದು ಅವರಿಗೆ ಹೇಳಿದೆ. “ನೀರು ಸೊಂಟದ ಮಟ್ಟ ಅಂತೆ ಕಣ್ರೀ. ದಾಟಬಹುದಂತೆ.” ಅವರು ನಕ್ಕು, “ಆಚಾರಿ ಕುಳ್ಳ. ಅವನ ಸೊಂಟ ನನ್ನ ಮೊಣಕಾಲಿಗೆ ಬರುತ್ತೆ,” ಅಂದರು. ಅವರು ತಮಾಷೆ ಮಾಡಿ ವರ್ಷಗಳಾಗಿದ್ದವು. ಅಷ್ಟಕ್ಕೇ ನನ್ನ ಕಣ್ಣು ತುಂಬಿಕೊಂಡಿತು.

ಈ ದೀಪಾವಳಿಯ ಮರುದಿನ ಸೇತುವೆಯ ಆಚೆಯಿಂದ ಒಬ್ಬರು ಬಂದರು. ಅತ್ತೆ ಅಭ್ಯಾಸಬಲದಿಂದ ಪಾಯಸಕ್ಕೆ ಹಾಲು ಇಟ್ಟರು. ಬಂದವರು ಯಾವುದೋ ಊರಿನ ದೇವಸ್ಥಾನದ ಧರ್ಮದರ್ಶಿ. “ನಮ್ಮಲ್ಲಿ ಓದ್ತಿದ್ದ ಶಾಸ್ತ್ರಿಗಳು ತೀರಿಕೊಂಡರು. ಕಥೆ ಅರ್ಧಕ್ಕೆ ನಿಂತಿದೆ. ರಾಜಕುಮಾರ ನಾರುಮಡಿ ಉಟ್ಟು ಹೊಸ್ತಿಲ ಹತ್ತಿರ ನಿಂತಿದಾನೆ, ನಮ್ಮೂರ ಹೆಂಗಸರು ಒಂದು ತಿಂಗಳಿಂದ ಅನ್ನ ನೀರು ಸರಿಯಾಗಿ ತಗೊಂಡಿಲ್ಲ. ಅವನನ್ನ ದಾಟಿಸೋರು ಬೇಕು. ತಿರುಮಲನವರ ದನಿ ಕೇಳಿದ ಹಳಬರು ನಮ್ಮಲ್ಲಿ ಇನ್ನೂ ಇದ್ದಾರೆ.”

“ನಾನು ಬಿಟ್ಟಿದೀನಿ ಸ್ವಾಮಿ,” ಅಂದರು ಇವರು.

“ನಾಳೆ ಮಧ್ಯಾಹ್ನ ನಮ್ಮ ಗಾಡಿ ಸೇತುವೆ ಹತ್ತಿರ ನಿಂತಿರುತ್ತೆ. ಬಂದ್ರೆ ಸಂತೋಷ,” ಅಂತ ಹೇಳಿ ಪಾಯಸ ಕುಡಿದು ಅವರು ಹೋದರು.

ಬೆಳಗ್ಗೆ ಇವರು ಗಾಣಕ್ಕೆ ಹೋಗಲಿಲ್ಲ. ಅಟ್ಟ ಹತ್ತಿ ಪುಸ್ತಕ ಇಳಿಸಿದರು. ಬಾವಿಕಟ್ಟೆಯ ಮೇಲೆ ಕೂತು, ನಮಗೆ ಬೆನ್ನು ಮಾಡಿ, ಹೊರಡುವ ಪದ್ಯವನ್ನು ಬಾಯಲ್ಲೇ ಗುನುಗಿದರು. ದನಿ ತುಕ್ಕು ಹಿಡಿದಿತ್ತು. ತಾಯಿಯ ಕಾಲಿಗೆ ಬಗ್ಗುವ ಕಡೆ ಬಂದು ತಡೆದರು. ಆ ಒಂದು ಉಸಿರು. ಅಡುಗೆಮನೆಯಲ್ಲಿ ನನ್ನ ಕೈಯ ಸೌಟು ನಿಂತಿತು. ಬಂದರು, ಅಂದುಕೊಂಡೆ. ಇಷ್ಟು ವರ್ಷಕ್ಕೆ ಬಾಗಿಲ ತನಕ ಬಂದರು.

ಊಟವಾದ ಮೇಲೆ ಗಂಟು ಕಟ್ಟಿಕೊಂಡು ಗೂಡಿನ ಮುಂದೆ ಬಂದು ನಿಂತರು. ಮುಖ ಹುಡುಗನಂತೆ ಬೆಳಗಿತ್ತು. “ಅಂಬುಜಾ, ದೇವರನ್ನ ಎತ್ತಿ ಕೊಡು. ಬೆಳಗ್ಗೆ ಆಚಾರಿ ಹತ್ರ ಮಾತಾಡಿ ಬಂದೆ. ಕುಲುಮೆ ಹಚ್ಚಿದಾನೆ. ಕರಗಿಸಿ ಹೊಸದು ಎರೆದುಕೊಡ್ತಾನೆ.”

ಈ ಊರಿನಲ್ಲಿ ಇದು ಇಲ್ಲದ್ದೇನಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ, ಗಂಡ ಹೆಂಡತಿ ಜಗಳವಾಡಿ ಮತ್ತೆ ಕೂಡಿದಾಗ ದೇವರನ್ನು ಕರಗಿಸಿ ಎರೆಸುತ್ತಾರೆ. ಆದರೆ ಹೊಸ್ತಿಲು ದಾಟಿಸಿ ತಂದವಳೇ ಎತ್ತಿ ಕೊಡಬೇಕು. ಬೇರೆಯವರು ಎತ್ತಿದರೆ ದೇವರು ಏಳುವುದಿಲ್ಲ.

“ಜೋಲುಗೈ ಆದ್ಮೇಲೆ ಒಂದು ವರ್ಷ ಯಾವ ಕಟ್ಟೂ ಇಲ್ಲ ನೋಡು,” ಅವರು ಅವಸರದಲ್ಲಿ ಹೇಳುತ್ತಿದ್ದರು. “ಯಾರೂ ಯಾರಿಗೂ ಕಾಯೋ ಹಾಗಿಲ್ಲ. ನಾನು ನೆಮ್ಮದಿಯಾಗಿ ಹೋಗಬಹುದು. ನೀನೂ ನೆಮ್ಮದಿಯಾಗಿ ಇರ್ತೀಯ. ಇದು ನನಗೆ ಮೊದಲೇ ಯಾಕೆ ಹೊಳೀಲಿಲ್ವೋ!”

“ಸರಿಯಾಗಿ ಹೇಳಿದೆ,” ಅಂದರು ಅತ್ತೆ. “ಬಂದೋರಿಗೆಲ್ಲ ಪಾಯಸ ಮಾಡಿ ನನಗೂ ಸಾಕಾಗಿದೆ. ಕೊಟ್ಬಿಡೇ.”

ನಾನು ಸೆರಗು ಒಡ್ಡಿ ದೇವರನ್ನು ಎತ್ತಿಕೊಂಡೆ. ಇಟ್ಟಿಗೆಯ ಮೇಲೆ ಎರಡು ಸಣ್ಣ ಪಾದದ ಗುರುತು ಅರಿಸಿನದ ನಡುವೆ ಕಪ್ಪಗೆ ಉಳಿದಿತ್ತು. ದೀಪದ ಬಿಸಿಗೆ ಅವನ ಮೈ ಬೆಚ್ಚಗಿತ್ತು. ಮಡಿಸಿದ ಮೊಣಕೈಗಳು ನನ್ನ ಹೊಟ್ಟೆಗೆ ಚುಚ್ಚಿದವು. ಬೇಡಿಕೊಂಡದ್ದೇ ಆಗುತ್ತಿತ್ತು. ಕೊಟ್ಟರೆ ಹೋಗುತ್ತಾರೆ, ಹೋದರೆ ಆ ದನಿ ಮತ್ತೆ ದನಿಯಾಗುತ್ತದೆ. ಎಷ್ಟೋ ಸಂಜೆ ಈ ಬಾಗಿಲಲ್ಲಿ ನಾವಿಬ್ಬರೇ ನಿಂತಿದ್ದೆವು, ಅವನೊಂದು ಕಡೆ, ನಾನೊಂದು ಕಡೆ. ಈಗ ಅವನ ಕೈ ಕರಗಿ ಜೋಲಿದರೆ ನನ್ನ ಕೈಯನ್ನು ಎಲ್ಲಿಡಲಿ? ಯುಗಾದಿಯ ಸಂಜೆ ಅಂಗಳದಲ್ಲಿ ಕಾಲು ತೊಳೆಯಲು ನಿಂತವರಿಗೆ ತಂಬಿಗೆ ಹಿಡಿಯುವವಳು ಯಾರು?

“ಕೊಡು,” ಅಂತ ಅವರು ಎರಡೂ ಕೈ ಚಾಚಿದರು.

“ನೀವು ಹೋಗಿ,” ಅಂದೆ. “ನಿಮ್ಮ ಓದು ಕೇಳದೆ ನಾನು ಬತ್ತಿಹೋಗಿದೀನಿ. ಹೋಗಿ, ಆ ಹುಡುಗನ್ನ ಹೊಸ್ತಿಲು ದಾಟಿಸಿ.”

“ಅದಕ್ಕೇ ಅಲ್ವಾ ಕೇಳ್ತಿರೋದು?”

“ಇಷ್ಟು ವರ್ಷ ಹೋಗೋದನ್ನ ಬಿಟ್ಟು ಓದಿದ್ರಿ, ಕೂತು ಕೇಳಿದೆ. ಈಗ ಕಾಯೋದನ್ನ ಬಿಟ್ಟು ಹೋಗ್ತೀನಿ ಅಂತೀರಿ. ಕಾಯೋರೇ ಇಲ್ಲ ಅಂತ ಮಾಡಿಟ್ಟು ಹೋದೋರು ತಿರುಗಿ ಬರೋದು ಎಲ್ಲಿಗೆ?”

ಅವರು ನನ್ನನ್ನು ನೋಡಿದರು. ಬಹಳ ದಿನದ ಮೇಲೆ ನೋಡಿದರು. “ಬಾಗಿಲು ನೋಡ್ಕೊಂಡು ದಿನ ಎಣಿಸೋದು ನಿನಗೆ ಬೇಕಾ? ನಾನು ಬರದೇ ಹೋದ್ರೆ?”

“ಬೇಕು. ಬರದೇ ಹೋದ್ರೂ ಬೇಕು.”

“ಹಟ ಮಾಡಬೇಡ ಕಣೇ, ಗಾಡಿ ಹೊರಟುಹೋಗುತ್ತೆ,” ಅಂದರು ಅತ್ತೆ. ಇವರು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. “ಅಂಬುಜಾ, ಇಷ್ಟು ವರ್ಷದಲ್ಲಿ ನಿನ್ನ ಹತ್ರ ಒಂದೂ ಕೇಳಿಲ್ಲ. ಇದೊಂದು ಕೊಡು.”

ನಾನು ದೇವರನ್ನು ಮತ್ತೆ ಇಟ್ಟಿಗೆಯ ಮೇಲೆ, ಅವನ ಪಾದದ ಗುರುತಿನ ಮೇಲೇ ನಿಲ್ಲಿಸಿ, ಬಾಗಿಲಿಗೆ ಮುಖ ಮಾಡಿಸಿದೆ.

“ಕೊಡಲ್ಲ,” ಅಂದೆ.